ಹಸಿರು ಕಾರಿಗೆ ಬಂದ ಬಿರುದು

ಮೆಕಿನ್ನಿ, ಟೆಕ್ಸಸ್
೧೬ ಏಪ್ರಿಲ್ ೨೦೦೨

ಚಿ. ಸೌ. ವಿಜಯಾಗೆ,

ಈ ಪತ್ರವನ್ನು ನೀನು ಧಾರವಾಡದ ಮನೆಮಂದಿಯ ಮುಂದೆಲ್ಲ ಓದುತ್ತೀ ಎಂದು ಗೊತ್ತಿರುವುದರಿಂದ ಆಶೀರ್ವಾದವನ್ನು ಮೊದಲೇ ಎಲ್ಲರಿಗೂ ಹಂಚಿಬಿಡುತ್ತೇನೆ. ನಿನ್ನ ಪಾಲಿನದು ಸ್ವಲ್ಪ ಹೆಚ್ಚು. ನಿನ್ನ ಮೊಣಕಾಲು ಹೇಗಿದೆ? ಬಾಣಂತಿ ಮಗಳು ಗಾರ್ಗಿ ಹೊಟ್ಟೆ ತುಂಬ ಉಣ್ಣುತ್ತಾಳೋ, ನಿನ್ನ ಜೊತೆ ವಾದ ಮಾಡುತ್ತಾಳೋ? ನಾನಿನ್ನೂ ನೋಡದ ಮೊಮ್ಮಗಳ ಮೂಗು ನನ್ನದೇ ಎಂದು ನೀನು ಫೋನಿನಲ್ಲಿ ಹೇಳಿದ ಮೇಲೆ ಕನ್ನಡಿ ನೋಡಿಕೊಳ್ಳುವುದು ಜಾಸ್ತಿಯಾಗಿದೆ. ನಾನು ಆರಾಮಾಗಿದ್ದೇನೆ. ನಮ್ಮ ಸೊಸೆ ನಿಶಿತಾ ಮೈಸೂರಿನವಳಾದರೂ ಈಗ ಜೋಳದ ರೊಟ್ಟಿ ಬಡಿಯುತ್ತಾಳೆ. ಅದರ ಆಕಾರದ ಬಗ್ಗೆ ಏನೂ ಕೇಳಬೇಡ.

ನಿನ್ನ ತಮ್ಮ ರಘೂತ್ತಮ ಊರ ತುಂಬ ಹಬ್ಬಿಸಿರುವ ಸುದ್ದಿಯನ್ನು ನೀನೇ ನಿಲ್ಲಿಸಬೇಕು. "ಟೈಟಲ್ ಬರೂದದ" ಎಂದು ನಾನು ಫೋನಿನಲ್ಲಿ ಹೇಳಿದ್ದು ನಿಜ. ಅವನು ನಮ್ಮ ಶ್ರೀಕರನಿಗೆ ಅಮೆರಿಕದ ಸರಕಾರ ಬಿರುದು ಕೊಡುತ್ತದೆಂದು ತಿಳಿದು ಮಾಳಮಡ್ಡಿಯಲ್ಲೆಲ್ಲ ಪೇಢೆ ಹಂಚಿದನಂತೆ. ಬಿರುದು ಬಂದದ್ದು ಮಗನಿಗಲ್ಲ, ಅವನ ಕಾರಿಗೆ. ಇಲ್ಲಿ ಟೈಟಲ್ ಎಂದರೆ ಗಾಡಿ ಯಾರದೆಂದು ಹೇಳುವ ಸರಕಾರದ ಕಾಗದ. ಪೇಢೆ ವಾಪಸು ಕೇಳುವ ಹಾಗಿಲ್ಲ, ತಿಂದವರು ತಿಂದರು.

ದೀಪಾವಳಿಯ ಹೊತ್ತಿಗೆ ನಿಶಿತಾ ಪಕ್ಕದ ಊರು ಪ್ಲೇನೋದ ಆಫೀಸಿನಿಂದ ಬರುವಾಗ ಹೈವೇಯಲ್ಲಿ ಲಾರಿಯೊಂದು ಹಿಂದಿನಿಂದ ಗುದ್ದಿದ್ದು ನಿನಗೆ ಗೊತ್ತೇ ಇದೆ. ಆ ಢಿಕ್ಕಿಯಲ್ಲಿ ಡಿಕ್ಕಿ ಹೋಯಿತು, ಅವಳಿಗೆ ಒಂದು ಗೀರೂ ಬೀಳಲಿಲ್ಲ, ರಾಯರ ದಯೆ. ಆದರೆ ನಿನಗೆ ಹೇಳದೆ ಉಳಿಸಿದ್ದು ಒಂದಿದೆ. ಅಂದಿನಿಂದ ಅವಳು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಈ ಊರಿನಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಕಾರು ಓಡಿಸದವರ ಕಾಲು ಕಟ್ಟಿದಂತೆಯೇ. ಆಫೀಸಿಗೆ ಬೇರೆಯವರ ಕಾರು, ಕೊತ್ತಂಬರಿ ಸೊಪ್ಪಿಗೂ ಗಂಡನ ದಾರಿ ಕಾಯಬೇಕು. ನಗುನಗುತ್ತಿದ್ದ ಹುಡುಗಿ ಮಂಕಾಗಿಬಿಟ್ಟಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ವಿಮೆಯವರು ಕಾರು ಕೆಲಸಕ್ಕೆ ಬಾರದ್ದೆಂದು ಬರೆದು ಕೈತೊಳೆದುಕೊಂಡರು. ಅಂಥ ಗಾಡಿಗೆ ಸಾಲ್ವೇಜ್ ಎನ್ನುತ್ತಾರೆ, ರಸ್ತೆಗೆ ಇಳಿಸುವಂತಿಲ್ಲ. ಶ್ರೀಕರ ಅದನ್ನೇ ಉಳಿಸಿಕೊಂಡು, ರಿಪೇರಿ ಮಾಡಿ, ಹೊಸ ಟೈಟಲ್ ಬಂದ ಕೂಡಲೇ ಮಾರುತ್ತೇನೆಂದ. ಹೂಸ್ಟನ್ನಿನ ಗುಜರಿಯಿಂದ ಡಿಕ್ಕಿಯ ಬಾಗಿಲು ತಂದ. ಸಿಕ್ಕಿದ್ದು ಕೆಂಪು ಬಣ್ಣದ್ದು. ಹಸಿರು ಕಾರಿಗೆ ಕೆಂಪು ಡಿಕ್ಕಿ, ಥೇಟ್ ನಿನ್ನ ಇಳಕಲ್ ಸೀರೆಯ ಸೆರಗು. ಬಣ್ಣ ಬಳಿಯಲು ನಾನು ಬಿಡಲಿಲ್ಲ. ಶನಿವಾರ ಭಾನುವಾರ ಅಪ್ಪ ಮಗ ಗ್ಯಾರೇಜಿನಲ್ಲೇ ಇರುತ್ತಿದ್ದೆವು. ನನ್ನ ಕೆಲಸ ಟಾರ್ಚ್ ಹಿಡಿಯುವುದು ಮತ್ತು ಉಪದೇಶ ಕೊಡುವುದು. ಟೈಟಲ್ಲಿನ ಅರ್ಜಿಯಲ್ಲಿ ರಿಪೇರಿ ಮಾಡಿದವರ ಹೆಸರು ಬರೆಯುವಲ್ಲಿ ಅವನು ತನ್ನದೊಂದನ್ನೇ ಬರೆದ. ನಾನು ಎರಡು ದಿನ ಅವನ ಜೊತೆ ಚಹಾ ಕುಡಿಯಲಿಲ್ಲ. ಆಮೇಲೆ ಬ್ರೇಕು, ದೀಪಗಳ ತಪಾಸಣೆ, ಕಚೇರಿಯಲ್ಲಿ ಪಾಳಿ, ಕೊನೆಗೆ ರಾಜಧಾನಿ ಆಸ್ಟಿನ್ನಿನಿಂದ ಅಂಚೆಯಲ್ಲಿ ಟೈಟಲ್ ಬಂತು. ಅದರ ಮೇಲೆ 'ರೀಬಿಲ್ಟ್' ಎಂದಿದೆ. ಇನ್ನು ಅದನ್ನು ಅಳಿಸಲಾಗದು, ಮಾರುವಾಗ ಬೆಲೆ ಇಳಿಯುತ್ತದೆ ಎಂದು ಶ್ರೀಕರ ಮುಖ ಸಣ್ಣ ಮಾಡಿದ. "ರೀಬಿಲ್ಟ್ ಅಂದ್ರ ಜೀರ್ಣೋದ್ಧಾರಪಾ. ಜೀರ್ಣೋದ್ಧಾರ ಆದ ಗುಡಿಗೆ ಕಲ್ಲಿನ ಮ್ಯಾಲೆ ಬರಸ್ತಾರ, ಮುಚ್ಚಿಡ್ತಾರೇನು?" ಎಂದೆ.

ಮೊನ್ನೆ ಯುಗಾದಿ. ಕಾರು ಕೊಳ್ಳುವವರು ಮರುದಿನ ಬರುವವರಿದ್ದರು. ಶ್ರೀಕರ ಆಫೀಸಿನ ಕೆಲಸಕ್ಕೆ ಹೂಸ್ಟನ್ನಿಗೆ ಹೋಗಿದ್ದ. ಮಾರುವ ಗಾಡಿಯಾದರೂ ಪೂಜೆಯಿಲ್ಲದೆ ಕಳಿಸಬಾರದೆಂದು ನಾನು ಕುಂಕುಮ ಹಚ್ಚಿ, ಹೂ ಏರಿಸಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಇಟ್ಟ ಮೇಲೆ ನೆನಪಾಯಿತು, ಹಣ್ಣಿನ ಮೇಲೆ ಗಾಡಿ ಹತ್ತಿಸುವವರು ಯಾರು? ನನಗೆ ಸೈಕಲ್ಲು ಬಿಟ್ಟರೆ ಬೇರೇನೂ ಬಾರದು. ನಿಶಿತಾಳನ್ನು ಕರೆದೆ. "ಮಾವ, ನನ್ ಕೈಲಾಗಲ್ಲ" ಎಂದಳು. ಇಟ್ಟ ನಿಂಬೆಹಣ್ಣು ತೆಗೆದರೆ ಅಪಶಕುನ, ಒಂದು ಗೇಣು ಮುಂದೆ ತಂದರೆ ಸಾಕು ಎಂದೆ. ಆ ಅಪಶಕುನ ನಾನೇ ಆಗ ಹುಟ್ಟಿಸಿದ್ದು, ಶಾಸ್ತ್ರದಲ್ಲಿ ಹುಡುಕಬೇಡ. ಅವಳು ಹಣ್ಣುಗಳನ್ನು ನೋಡಿ ಎಷ್ಟೋ ದಿನದ ಮೇಲೆ ನಕ್ಕಳು. "ಇಲ್ಲಿ ಕೆಟ್ಟ ಕಾರಿಗೇ ಲೆಮನ್ ಅಂತಾರೆ, ಮಾವ." "ಹಂಗಿದ್ರ ಛಲೋನ ಆತಲ್ಲ, ತುಳಕೊಂಡ ಹೋಗು" ಎಂದೆ.

ಅವಳು ಒಳಗೆ ಕೂತಳು. ಕನ್ನಡಿ ಸರಿಮಾಡಿದಳು, ಸೀಟು ಮುಂದೆ ಎಳೆದಳು, ಮತ್ತೆ ಕನ್ನಡಿಗೇ ಕೈ ಹಾಕಿದಳು. ನಾನು ಆರತಿ ತಟ್ಟೆ ಇಡುವ ನೆಪದಲ್ಲಿ ಆ ಕಡೆ ತಿರುಗಿದೆ. ಪಟ್ ಪಟ್ ಎಂದು ಹಣ್ಣು ಒಡೆದವು. ಒಂದು ಗೇಣಿಗೆ ನಿಲ್ಲಬೇಕಾದ ಕಾರು ನಿಲ್ಲಲಿಲ್ಲ. ರಸ್ತೆಗೆ ಇಳಿದು, ತಿರುವಿನಲ್ಲಿ ಕೆಂಪು ಸೆರಗು ತೋರಿಸಿ ಮರೆಯಾಯಿತು. ನಾನು ಬರಿಗಾಲಲ್ಲೇ ರಸ್ತೆಯ ತನಕ ಓಡಿದೆ. ಬಡಾವಣೆಗೆ ಒಂದು ಸುತ್ತು ಹಾಕಿ ಬಂದವಳ ಕೆನ್ನೆ ಒದ್ದೆ, ಬಾಯಿ ತುಂಬ ನಗು. "ಕೊತ್ತಂಬರಿ ಸೊಪ್ಪು ಬೇಕಾ, ಮಾವ?" ಎಂದಳು. ಮನೆಯಲ್ಲಿದ್ದರೂ ಬೇಕೆಂದೆ. ಸಂತೋಷಕ್ಕೆ ನನಗೂ ಅಳು ಬಂತು, ವಿಜಯಾ. ಸಂಜೆ ಹೂಸ್ಟನ್ನಿನಿಂದ ಮರಳಿದ ಶ್ರೀಕರ ಸುದ್ದಿ ಕೇಳಿ ಕೊಳ್ಳುವವರಿಗೆ ಬರಬೇಡಿ ಎಂದು ಫೋನ್ ಮಾಡಿದ.

ಗಾರ್ಗಿಗೆ ಬಿಸಿನೀರು ತಪ್ಪಿಸಬೇಡ. ರಘೂತ್ತಮನಿಗೆ ಹೇಳು, ಪೇಢೆ ವ್ಯರ್ಥವಾಗಲಿಲ್ಲ.

ನಿನ್ನ,
ಭೀಮಸೇನ

ತಾ.ಕ.: ಶ್ರೀಕರ ಅಂಚೆಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ನೀನು ಡಲ್ಲಾಸಿನಲ್ಲಿ ಇಳಿದಾಗ ಕರೆತರಲು ಬರುವವಳು ನಿಶಿತಾ, ಒಬ್ಬಳೇ. ಅವಳಿನ್ನೂ ಹೈವೇ ಹತ್ತಿಲ್ಲ. "ಅತ್ತೆಗೋಸ್ಕರ ಹತ್ತುತ್ತೀನಿ" ಎಂದಿದ್ದಾಳೆ. ಕೆಂಪು ಸೆರಗಿನ ಹಸಿರು ಕಾರು ಹುಡುಕು. ಹಿಂದೆ ಕೂಡಬೇಡ, ಅವಳ ಪಕ್ಕದಲ್ಲೇ ಕೂಡು. "ಸಾವಕಾಶ, ಸಾವಕಾಶ" ಎನ್ನಬೇಡ. ಮೊಮ್ಮಗಳ ಮೂಗಿನ ಸುದ್ದಿ ಹೇಳುತ್ತ ಬಾ.