ಕೆನೆ ತೆಗೆದ ಹಾಲು, ಮೊದಲನೇ ಪುಟ

ಹದಿನಾಲ್ಕನೇ ತಾರೀಖು, ಸೋಮವಾರ
ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಬೆಂಚು

ನಮ್ಮ ಮನೆಯ ಕೆನೆಕಳ್ಳಿಗೆ ಸೋದರಮಾವ ತಲೆ ಸವರಿ ಬರೆಯುವುದು:

ಹಾಲಿನಿಂದ ಕೆನೆಯನ್ನು ಬೇರ್ಪಡಿಸಬಹುದು ಎಂದು ಈ ಪ್ರಪಂಚದಲ್ಲಿ ಮೊಟ್ಟಮೊದಲು ಕಂಡುಹಿಡಿದವನು ನಾನು. ಅದಕ್ಕೂ ಮುಂಚೆ ಜನ ಎರಡನ್ನೂ ಒಟ್ಟಿಗೆ ಕುಡಿದು ಊದಿಕೊಂಡು ತಿರುಗುತ್ತಿದ್ದರು, ಪಾಪ. ನೀನು ನಗುತ್ತೀ ಎಂದು ಗೊತ್ತು, ನಗು. ನಾಲ್ಕು ತಿಂಗಳಿಂದ ನಿನ್ನ ಕಾಗದಕ್ಕೆ ಉತ್ತರ ಬರೆಯದಿದ್ದುದಕ್ಕೆ ಮಾತ್ರ ಬೈಯಬೇಡ. ಕೈ ಬಿಡುವಿರಲಿಲ್ಲ ಎಂದು ಸದ್ಯಕ್ಕೆ ಇಟ್ಟುಕೋ. ಮುಖ್ಯ ಸುದ್ದಿ ಏನೆಂದರೆ ನಿನ್ನ ಅತ್ತೆಯನ್ನು ಹತ್ತು ದಿನದ ಹಿಂದೆ ಇಲ್ಲಿ ಸೇರಿಸಿದ್ದೇನೆ. ಕಾಗದ ಕೈಗೆ ಸಿಕ್ಕ ಕೂಡಲೇ ಹೊರಟು ಬಾ. ಯಾಕೆಂದು ಬರೆಯುತ್ತೇನೆ, ಆದರೆ ನನ್ನದೇ ದಾರಿಯಲ್ಲಿ ಬರೆಯುತ್ತೇನೆ. ನಾಲ್ಕನೇ ಕ್ಲಾಸಿನ ಮೇಷ್ಟ್ರು ನನಗೆ ನೆಟ್ಟಗೆ ಗೆರೆ ಎಳೆಯುವುದನ್ನು ಕಲಿಸುವ ಮೊದಲೇ ನಾನು ಶಾಲೆ ಬಿಟ್ಟೆ.

ನಮ್ಮ ಹಾಲಿನಂಗಡಿಗೆ ಕೆನೆ ತೆಗೆಯುವ ಯಂತ್ರ ತಂದದ್ದು ನಿನಗೆ ಗೊತ್ತೇ ಇದೆ. ಹಿಡಿ ತಿರುಗಿಸಿದರೆ ಒಂದು ಮೂತಿಯಿಂದ ಕೆನೆ, ಇನ್ನೊಂದರಿಂದ ತೆಳು ಹಾಲು. ಕೆನೆ ಬೇಕರಿಯವನಿಗೆ. ತೆಳು ಹಾಲಿಗೆ 'ಕೊಬ್ಬು ತೆಗೆದ ಆರೋಗ್ಯದ ಹಾಲು' ಎಂದು ಹೆಸರಿಟ್ಟು, ಗಟ್ಟಿ ಹಾಲಿಗಿಂತ ಹೆಚ್ಚು ಬೆಲೆ ಹಾಕಿದೆ. ಒಂದೇ ಹಸುವನ್ನು ಎರಡು ಸಲ ಮಾರಿದವರು ನನ್ನ ಬಿಟ್ಟು ಯಾರಿದ್ದಾರೆ ಹೇಳು! ಆದರೆ ಮೊದಲ ವಾರ ನೊಣ ಕೂಡ ಬರಲಿಲ್ಲ. ಪಕ್ಕದ ಅಂಗಡಿಯ ದರ್ಜಿಯಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದು, "ಏನಣ್ಣಾ, ಪಾತ್ರೆ ತೊಳೆದ ನೀರಿಗೂ ಬಿಲ್ ಹಾಕ್ತೀಯಾ?" ಎಂದಳು.

ಆಗ ನನ್ನ ತಲೆಗೆ ಹೊಳೆದದ್ದೇ ನಿನ್ನ ಅತ್ತೆ. ಮದುವೆಯಾದಾಗಿನಿಂದ ನಾನು ಅವಳನ್ನು ಪೀಪಾಯಿ ಎಂದೇ ಕರೆದದ್ದು ನೀನೂ ಕೇಳಿದ್ದೀಯ. ಗಿರಾಕಿಗಳ ಮುಂದೆ ಕರೆದರೂ ಅವಳು ನಕ್ಕು ಒಳಗೆ ಹೋಗುತ್ತಿದ್ದಳು. ಹಿಂಡಿ ಮೂಟೆ ತೂಗುವ ತೂಕದ ಯಂತ್ರವನ್ನು ಅಂಗಡಿ ಮುಂದಕ್ಕೆ ಎಳೆದು ಅವಳನ್ನು ಹತ್ತಿಸಿದೆ. ಎಪ್ಪತ್ತೊಂದು ಕಿಲೋ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. "ನೋಡ್ರಪ್ಪಾ, ಇನ್ಮೇಲೆ ಇವಳಿಗೆ ಬರೀ ನಮ್ಮ ಹಾಲು. ಪ್ರತಿ ಸೋಮವಾರ ನಿಮ್ಮ ಕಣ್ಣೆದುರೇ ತೂಕ!" ಎಂದು ಕೂಗಿದೆ.

ಅವಳು ನಾಚಿಕೆಯಿಂದ ಸತ್ತೇಹೋದಳು. ಆದರೆ ನಾಲ್ಕನೇ ಸೋಮವಾರಕ್ಕೆ ಮೂರು ಕಿಲೋ ಇಳಿದಿದ್ದಳು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಮೂವತ್ತು ವರ್ಷದಲ್ಲಿ ನಾನು ಅವಳಿಗೆ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ಆಮೇಲಿನ ಸೋಮವಾರಗಳಲ್ಲಿ ಅವಳೇ ತಲೆ ಬಾಚಿಕೊಂಡು ಮುಂಚೆ ಬಂದು ನಿಲ್ಲುತ್ತಿದ್ದಳು. ತೂಕದ ಮೇಲೆ ನಿಂತು ಮುಳ್ಳನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. "ಎಷ್ಟಾಯ್ತು ರೀ?" ಎನ್ನುವಳು. ಹಾಲಿಗೆ ಸಾಲು ನಿಂತಿತು. ದರ್ಜಿಯಮ್ಮನೂ ಅರ್ಧ ಲೀಟರು ಹಾಕಿಸಿಕೊಂಡಳು.

ಎರಡು ತಿಂಗಳಿಗೆ ಏಳು ಕಿಲೋ ಇಳಿದಾಗ ನಿನಗೆ ಬರೆದೆ. ನೀನು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟದ ಪಟ್ಟಿ ಬರೆದುಕೊಡುವವಳು, ನಿನ್ನ ಕೈಬರಹದಲ್ಲಿ ನಾಲ್ಕು ಸಾಲು ಸಿಕ್ಕರೆ ಅಂಗಡಿಗೆ ಕಳೆ ಎಂದುಕೊಂಡೆ. ನೀನು ಬರೆದೆ. ಒಂದು ದೊಡ್ಡ ಲೋಟ ಗಟ್ಟಿ ಹಾಲಿನಲ್ಲಿ ಎಂಟು ಗ್ರಾಂ ಕೊಬ್ಬು, ಕೆನೆ ತೆಗೆದರೆ ಹೆಚ್ಚೆಂದರೆ ಎರಡೂವರೆ. ಪ್ರೋಟೀನು ಎಂಟು ಗ್ರಾಂ ಇದ್ದದ್ದು ಎಂಟೇ ಇರುತ್ತದೆ, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಒಂದು ಚೂರೂ ಹೋಗುವುದಿಲ್ಲ, ದೊಡ್ಡವರಿಗೆ ಒಳ್ಳೆಯದೇ. ಓದಿ ಕುಣಿದುಬಿಟ್ಟೆ. ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಗಲ್ಲಾದ ಮೇಲೆ ನೇತುಹಾಕಿದೆ. ನಿನ್ನ ಅತ್ತೆಗೆ ಓದಲು ಬಾರದು. ನಾನೇ ಓದಿ ಹೇಳಿದೆ. "ನಮ್ಮ ಹುಡುಗಿ ಎಷ್ಟು ಚೆನ್ನಾಗಿ ಬರ್ದಿದಾಳೆ!" ಎಂದು ಅವಳು ದಿನಾ ಬೆಳಿಗ್ಗೆ ಆ ಗಾಜನ್ನು ಒರೆಸುತ್ತಿದ್ದಳು.

ಅದಾದ ಮೇಲೆ ಅವಳು ಒಮ್ಮೊಮ್ಮೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. "ನೋಯ್ತಿದೆ ರೀ," ಎಂದರೆ, "ಕೊಬ್ಬು ಕರಗೋವಾಗ ನೋಯ್ದೆ ಇರುತ್ತಾ? ಮೂವತ್ತು ವರ್ಷದ ಸರಕು ಅದು," ಎಂದು ನಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಊಟ ವಾಂತಿಯಾಗುವುದನ್ನು ನನಗೆ ಹೇಳಲೇ ಇಲ್ಲ, ಹೇಳಿದರೆ ನಾನು ಸೋಮವಾರದ ತೂಕ ನಿಲ್ಲಿಸಿಬಿಡುತ್ತೇನೆಂದು ಹೆದರಿದ್ದಳಂತೆ. ಇಲ್ಲಿಯ ನರ್ಸಿಗೆ ಹೇಳಿದಳು, ನನಗಲ್ಲ.

ದರ್ಜಿಯಮ್ಮನೇ ಮೊದಲು ಬಾಯಿಬಿಟ್ಟದ್ದು. ಮೂರನೇ ಸಲ ನಿನ್ನ ಅತ್ತೆಯ ಬಟ್ಟೆ ಒಳಕ್ಕೆ ಹಿಡಿದು ಹೊಲಿದುಕೊಟ್ಟ ದಿನ ನನ್ನನ್ನು ಪಕ್ಕಕ್ಕೆ ಕರೆದಳು. "ಅಣ್ಣಾ, ಇನ್ನು ಒಳಕ್ಕೆ ಹಿಡಿಯೋಕೆ ಅಕ್ಕನ ಮೈಯಲ್ಲಿ ಏನೂ ಇಲ್ಲ. ಇದು ತೆಳ್ಳಗಾಗೋದಲ್ಲ, ತೋರಿಸು." ನಾನು, "ನಿನಗೆ ಹೊಟ್ಟೆಕಿಚ್ಚು, ಇನ್ನರ್ಧ ಲೀಟರು ಹಾಕಿಸ್ಕೊ," ಎಂದೆ. ಗಿರಾಕಿಗಳೆಲ್ಲ ನಕ್ಕರು. ದರ್ಜಿಯಮ್ಮ ಮಾತ್ರ ನಗಲಿಲ್ಲ. ಅವತ್ತಿನಿಂದ ನಮ್ಮ ಹಾಲು ಕೊಳ್ಳುವುದನ್ನೇ ಬಿಟ್ಟಳು.

ಹತ್ತು ದಿನದ ಹಿಂದೆ ನಿನ್ನ ಅತ್ತೆ ಕ್ಯಾನು ಎತ್ತಲು ಬಗ್ಗಿದವಳು ಏಳಲೇ ಇಲ್ಲ. ಹೊತ್ತು ತಂದೆ. ಒಬ್ಬನೇ, ಒಂದೇ ಕೈಯಲ್ಲಿ ತಂದೆ ಎಂದು ಬರೆಯಬಹುದು, ಈ ಸಲ ಅದು ಬಡಾಯಿಯೂ ಅಲ್ಲ. ಡಾಕ್ಟರು ಫೋಟೋ ತೆಗೆಸಿ ನೋಡಿದರು. ಹೊಟ್ಟೆಯಲ್ಲಿ ಗಡ್ಡೆ, ಆಗಲೇ ಲಿವರಿಗೂ ಹತ್ತಿದೆ, ಕೊಯ್ಯುವ ಹಂತ ದಾಟಿದೆ ಎಂದರು. ಡಾಕ್ಟರು ನನ್ನ ಮಗನ ವಯಸ್ಸಿನವರು. "ಇಷ್ಟು ಇಳಿಯೋವರೆಗೂ ಏನ್ ಮಾಡ್ತಿದ್ರಿ?" ಎಂದು ಗದರಿದರು. ನಿನ್ನ ಮಾವನಿಗೆ ಎಲ್ಲದಕ್ಕೂ ಉತ್ತರ ಇರುತ್ತದಲ್ಲ? ಇದಕ್ಕೂ ಇತ್ತು. "ತೂಕ ಹಾಕ್ತಿದ್ದೆ ಸಾರ್," ಎಂದೆ.

ಈಗ ಏನು ಕೇಳಿದರೂ ಕೊಡಿ ಎಂದಿದ್ದಾರೆ. ಅದರ ಅರ್ಥ ನಿನಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಬಟ್ಟಲು ತುಂಬ ಕೆನೆಗೆ ಸಕ್ಕರೆ ಹಾಕಿ ತಂದೆ, ಚಿಕ್ಕಂದಿನಲ್ಲಿ ಅವಳು ನಿನಗೆ ಕದ್ದು ತಿನ್ನಿಸುತ್ತಿದ್ದಳಲ್ಲ, ಹಾಗೆ. ಕಳ್ಳಿ ಎಂದು ಹೆಸರು ಬಂದದ್ದು ನಿನಗೆ, ಚಮಚ ಹಿಡಿದಿದ್ದವಳು ಅವಳು. ತುಟಿಗೆ ಮುಟ್ಟಿಸಿದೆ. ಮುಖ ತಿರುಗಿಸಿ, "ಬೇಡ ರೀ, ಇವತ್ತು ಸೋಮವಾರ ಅಲ್ವಾ, ತೂಕ ಇದೆ," ಎಂದಳು.

ಬಟ್ಟಲು ಈ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಇದೆ. ಮೇಲೆ ಪೊರೆ ಕಟ್ಟುತ್ತಿದೆ.

ನೀನು ಚೆನ್ನಾಗಿರು. ಹೊತ್ತುಹೊತ್ತಿಗೆ ಉಣ್ಣು, ಊರಿಗೆಲ್ಲ ಪಟ್ಟಿ ಬರೆದುಕೊಟ್ಟು ನೀನು ಉಪವಾಸ ಇರಬೇಡ. ನೂರು ವರ್ಷ ಬಾಳು. ಬೇಗ ಬಾ.

ನಿನ್ನ
ಮಾವ

ಮರೆತ ಮಾತು: ಮರೆತದ್ದಲ್ಲ. ನಿನ್ನ ಕಾಗದದಲ್ಲಿ ಎರಡನೇ ಪುಟವೂ ಇತ್ತು. "ಗಟ್ಟಿ ಹಾಲು ಬಿಟ್ಟು ದಿನಕ್ಕೊಂದು ಲೋಟ ಇದನ್ನು ಕುಡಿದರೆ ವರ್ಷಕ್ಕೆ ಎರಡು ಕಿಲೋ ಇಳಿದರೆ ಹೆಚ್ಚು. ಅತ್ತೆ ಎರಡು ತಿಂಗಳಲ್ಲಿ ಏಳು ಇಳಿದಿದ್ದಾಳೆ ಅಂದರೆ ಅದು ಹಾಲಿನ ಕೆಲಸ ಅಲ್ಲ ಮಾವ. ನಾಳೆಯೇ ಡಾಕ್ಟರಿಗೆ ತೋರಿಸು. ಅತ್ತೆಗೆ ಈ ಪುಟ ಓದಿ ಹೇಳು." ಓದಿದೆ, ನನ್ನೊಳಗೇ. ಗಾಜು ಅಲುಗಾಡದಿರಲಿ ಎಂದು ಅದನ್ನೇ ಮಡಿಸಿ ಮೊದಲನೇ ಪುಟದ ಹಿಂದೆ ತುರುಕಿದೆ. ಅವಳು ದಿನಾ ಒರೆಸುತ್ತಿದ್ದದ್ದು ಅದನ್ನು. ಮೊನ್ನೆ ಕೇಳಿದಳು, "ಹುಡುಗಿ ನನ್ನ ವಿಷಯ ಏನೂ ಬರೀಲಿಲ್ವಾ ರೀ? ಬರೀ ಹಾಲಿನ ಬಗ್ಗೆನೇನಾ?" ಎಂದು. ಹೂಂ ಎಂದುಬಿಟ್ಟೆ. ಅವಳು ಆ ಕಡೆ ಹೊರಳಿ ಮಲಗಿದಳು. ನೀನು ಬಂದಾಗ ಆ ಪುಟ ನೀನೇ ಓದಿ ಹೇಳು. ನಾನು ಹೊರಗಿರುತ್ತೇನೆ.

ಬೋರ್ಡಿನ ಮೇಲೆ ಇವತ್ತಿಗೂ 'ಹನ್ನೊಂದು ಕಿಲೋ ಇಳಿಕೆ' ಎಂದೇ ಇದೆ. ಅದಕ್ಕಿಂತ ಹೆಚ್ಚು ಬರೆದರೆ ಗಿರಾಕಿಗಳು ಹೆದರುತ್ತಾರೆಂದು, ಕಡೆಯ ಸೋಮವಾರಗಳಲ್ಲಿ ತೂಕದ ಹಲಗೆಯ ಅಂಚನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದೆ. ಇಲ್ಲಿ ನರ್ಸು ತೂಗಿದಾಗ ನನ್ನನ್ನು ದೂರ ನಿಲ್ಲಿಸಿದರು. ನಲವತ್ತೆಂಟು ಬಂತು. ನಾನು ಕಳೆದುಕೊಂಡದ್ದು ಹನ್ನೊಂದಲ್ಲ, ಇಪ್ಪತ್ತಮೂರು.