ಬಟ್ಟೆಯ ಅಡಿಯ ಲೋಟ

ಹೊಳಗುಂದ
7 ಏಪ್ರಿಲ್ 2025, ಸೋಮವಾರ

ಪಾಸ್ಟರ್ ಉರುಕುಂದನಿಗೆ ಹುಸೇನಮ್ಮಕ್ಕನ ವಂದನೆ.

ಎದುರಿಗೆ ಸಿಕ್ಕಾಗ ಅಯ್ಯಗಾರು ಎನ್ನುತ್ತೇನೆ, ನೀವು ಎನ್ನುತ್ತೇನೆ. ಈ ಕಾಗದದ ಮಟ್ಟಿಗೆ ನೀನು ನಮ್ಮ ಕೇರಿಯ ತಮ್ಮ, ಅಷ್ಟೇ.

ಬಸ್ ಸ್ಟ್ಯಾಂಡಿನ ವೆಂಕಟಪ್ಪನ ಹೋಟೆಲು ನೆನಪಿರಬೇಕು. ನಮ್ಮ ಕೇರಿಯವರಿಗೆ ಚಾ ಕುಡಿಯಲು ಬೇರೆ ಲೋಟ, ಹೊರಗಿನ ಗೂಡಿನಲ್ಲಿ ಬೋರಲು ಹಾಕಿರುತ್ತಿದ್ದ. ನೀನು ಆಗಷ್ಟೇ ಪಾಸ್ಟರ್ ಆಗಿ ಬಂದಿದ್ದೆ. ಒಳಗೆ ಬೆಂಚಿನ ಮೇಲೆ ಕುಳಿತೆ, ನನ್ನನ್ನೂ ಪಕ್ಕದಲ್ಲಿ ಕೂರಿಸಿದೆ. 'ಎಲ್ಲಾರ್ಗೂ ಕೊಡೋ ಲೋಟದಾಗ ಕೊಡ್ರಿ' ಎಂದೆ. ವೆಂಕಟಪ್ಪ, 'ಜನಕ್ಕ ಟೈಮ್ ಬೇಕು ಪಾಸ್ಟರೇ, ಸ್ವಲ್ಪ ಅಡ್ಜಸ್ಟ್ ಆಗ್ರಿ' ಎಂದ. 'ಟೈಮ್ ತಗೊಳ್ರಿ. ನಾವು ಇಲ್ಲೇ ಕುಂತಿರ್ತೀವಿ' ಎಂದವನು ನೀನೇ. ಮಧ್ಯಾಹ್ನದ ಹೊತ್ತಿಗೆ ಚಾ ಬಂತು, ಎಲ್ಲರ ಲೋಟದಲ್ಲೇ ಬಂತು. ನೀರಿನಂಥ ಚಾ, ಆದರೂ ಅಂಥ ರುಚಿ ಮತ್ತೆ ಕಂಡಿಲ್ಲ. ಆ ಧೈರ್ಯದಲ್ಲೇ ನಾನು ಸ್ವಂತ ಹೋಟೆಲು ಹಾಕಿದ್ದು.

ಉದ್ರಿ ಕೊಡುವಾಗ ಗಿರಾಕಿಯ ಮುಖ ನೋಡಿ ಕೊಡುವವಳು ನಾನು. ನಿನ್ನ ಮುಖ ನೋಡಿ ಮಗಳನ್ನೇ ನಂಬಿ ನಿನ್ನ ಚರ್ಚಿಗೆ ಕಳಿಸಿದೆ. ನನ್ನ ಹೊಟ್ಟೆಯಲ್ಲಿ ಮಗನಾಗಿ ಹುಟ್ಟಿದ ಭಾಗ್ಯ ಸೀರೆ ಉಟ್ಟು ಆದೋನಿ ಪಟ್ಟಣ ಸೇರಿದಾಗ, ಅಳುತ್ತಿದ್ದ ನನ್ನ ಬಳಿ ನೀನೇ ಬಂದೆ. 'ದೇವ್ರು ಆಕೀನ ಹಂಗ ಮಾಡ್ಯಾನಕ್ಕ. ಕರ್ಕೊಂಡು ಬಾ, ನಮ್ಮ ಚರ್ಚಿನಾಗ ಎಲ್ಲಾರ್ಗೂ ಒಂದೇ ಪಾತ್ರೆ' ಎಂದೆ. ಅವಳು ಒಲ್ಲೆನೆಂದಳು. 'ಅವ್ವಾ, ಅಯ್ಯಗಾರು ಒಳ್ಳೇರು. ಹಿಂದ ಕುಂತೋರು?' ಎಂದು ಕೇಳಿದಳು. ನಿನ್ನ ಪರ ವಕೀಲಿಕೆ ಮಾಡಿ ಕರೆತಂದೆ.

ನಿನ್ನೆ ಚರ್ಚಿನಲ್ಲಿ ಪ್ರಭುಭೋಜನಕ್ಕೆ, ಒಂದೇ ಪಾತ್ರೆಯ ದ್ರಾಕ್ಷಾರಸ ಕುಡಿಯಲು, ಸಾಲಾಗಿ ಮೊಣಕಾಲೂರಿದೆವು. ನನ್ನ ಪಕ್ಕದಲ್ಲಿದ್ದ ಪಂಪಮ್ಮ ಕುಡಿದಳು, ಅದೇ ಪಾತ್ರೆಯಲ್ಲಿ ನಾನೂ ಕುಡಿದೆ. ಭಾಗ್ಯಳ ಸರದಿ ಬಂದಾಗ ನೀನು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಯ ಅಡಿಯಿಂದ ಒಂದು ಸ್ಟೀಲ್ ಲೋಟ ತೆಗೆದೆ. ಅದರಲ್ಲಿ ಸ್ವಲ್ಪ ದ್ರಾಕ್ಷಾರಸ ಸುರಿದು ಅವಳಿಗೆ ಕೊಟ್ಟೆ. ಅವಳು ಲೋಟವನ್ನು ತಿರುಗಿಸಿ ನೋಡಿದಳು. ಕುಡಿಯದೆ ಕೆಳಗಿಟ್ಟು ಎದ್ದು ಹೋದಳು.

ಆಮೇಲೆ ಬಾಗಿಲಲ್ಲಿ ನೀನು ನನಗೆ ಹೇಳಿದ್ದು, 'ಚರ್ಚಿನ ಹಿರಿಯರು ಒಪ್ಪಲಿಲ್ಲಕ್ಕ. ಜನಕ್ಕ ಟೈಮ್ ಬೇಕು. ಸ್ವಲ್ಪ ಅಡ್ಜಸ್ಟ್ ಆಗ್ರಿ.' ವೆಂಕಟಪ್ಪ ಆ ಮಾತಿನಲ್ಲಿ ಅಕ್ಕ ಎಂಬುದನ್ನು ಸೇರಿಸಿರಲಿಲ್ಲ. ಅವನ ಚಾದಂತೆಯೇ ಅವನ ಮಾತಿನಲ್ಲೂ ಸಕ್ಕರೆ ಕಡಿಮೆ.

ಭಾಗ್ಯ ಆದೋನಿಗೆ ಹೊರಡಲು ಚೀಲ ಕಟ್ಟಿದ್ದಳು. ಈಸ್ಟರ್ ತನಕ ಇರು ಎಂದು ಕೈ ಹಿಡಿದುಕೊಂಡಿದ್ದೇನೆ. ಆ ದಿನ ಮತ್ತೆ ಪ್ರಭುಭೋಜನ. ಇಬ್ಬರೂ ಮುಂದೆ ಬಂದು ಮೊಣಕಾಲೂರುತ್ತೇವೆ. ನೀನೂ ನಿನ್ನ ಹಿರಿಯರೂ ಟೈಮ್ ತೆಗೆದುಕೊಳ್ಳಿ. ನಾವು ಅಲ್ಲೇ ಇರುತ್ತೇವೆ.

ಅಷ್ಟರೊಳಗೆ ಚಾ ಕುಡಿಯಲು ಬಾ. ನಮ್ಮಲ್ಲಿ ಬೇರೆ ಲೋಟ ಇಟ್ಟಿಲ್ಲ.

ನೀನು ಅಕ್ಕ ಎಂದು ಕರೆಯುವ
ಹುಸೇನಮ್ಮ

ತಾ.ಕ.: ಆ ಲೋಟದ ಅಂಚಿನಲ್ಲಿ ನನ್ನ ಹೆಸರು ಕೊರೆದಿದೆ. ಚರ್ಚಿಗೆ ಏನು ಬೇಕಾದರೂ ನಮ್ಮ ಹೋಟೆಲಿನಿಂದಲೇ ತರಿಸುವುದು ನಿನ್ನ ರೂಢಿ. ಶನಿವಾರ ಒಂದು ಲೋಟ ಬೇಕೆಂದು ಹೇಳಿ ಕಳಿಸಿದಾಗ, 'ಪ್ರಭುವಿನ ಮೇಜಿಗೆ ಹೋಗ್ತೈತವ್ವಾ' ಎಂದು ಬೂದಿ ಹಾಕಿ ತಿಕ್ಕಿ, ಸೆರಗಿನಿಂದ ಒರೆಸಿ ಕೊಟ್ಟವಳು ಭಾಗ್ಯ.