ಅಲ್ಲಾಡುವ ಸ್ಟೂಲು

ಜುಲೈ 4, ಮಧ್ಯಾಹ್ನ 1.40
ಊಟ ಆಯಿತು. ಡಬ್ಬಿ ತೊಳೆದಿಟ್ಟೆ. ಉಳಿ ಎಣಿಸಿದೆ — ಹನ್ನೊಂದು. ಬೆಳಿಗ್ಗೆಯೂ ಹನ್ನೊಂದೇ ಇದ್ದವು. ಹೊಲಿಗೆ ಟೀಚರ್ ವರ್ಗವಾಗಿ ಹೋದ ಮೇಲೆ ವೃತ್ತಿ ವಿಭಾಗ ಅಂದರೆ ನಾನು, ಈ ಮರಗೆಲಸದ ಶೆಡ್, ಐದು ಮಕ್ಕಳು. ಸ್ಟಾಫ್‌ರೂಮ್ ಮೈದಾನದ ಆಚೆ. ಅಲ್ಲಿಯವರು ನಕ್ಕಿದ್ದು ಇಲ್ಲಿಗೆ ಕೇಳಿಸುತ್ತದೆ. ಯಾಕೆ ನಕ್ಕರೋ ಗೊತ್ತಾಗುವುದಿಲ್ಲ.

ಗಣಿತದ ಮೇಷ್ಟ್ರು ಸ್ಟೂಲು ಹೊತ್ತು ತಂದರು. "ಕಾಲು ಅಲ್ಲಾಡ್ತಾ ಇದೆ ಸಾರ್." ಬೆಣೆ ಬಡಿದುಕೊಟ್ಟೆ. ಎರಡು ನಿಮಿಷದ ಕೆಲಸ. ಅರ್ಧ ಗಂಟೆ ಕೂತರು.

ಜುಲೈ 7
ಅದೇ ಸ್ಟೂಲು, ಅದೇ ಕಾಲು. ನಾಚಿಕೆಯಾಯಿತು. "ನಿಮ್ಮ ಕ್ಲಾಸಿನ ನೆಲಾನೇ ಸರಿಯಿಲ್ಲ" ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು. ಇಬ್ಬರೂ ನಕ್ಕೆವು. ಹೊಸ ಬೆಣೆ ಕೆತ್ತಿದೆ. ಬಿದ್ದ ಚಕ್ಕೆ ಎತ್ತಿ ಮೂಸಿ, ಇದು ಯಾವ ಮರ ಅಂತ ಕೇಳಿದರು. ಆ ಕಡೆಯವರು ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ.

ಜುಲೈ 12
ಮತ್ತೆ ಬಂತು. ಈ ಸಲ ಅಂಟು ಹಾಕಿ ಕೂರಿಸಿದೆ. ಸಂಜೆ ಅಕ್ಕನ ಫೋನ್. "ಏನೋ, ಇವತ್ತು ದನಿ ಬೇರೆ ಥರ ಇದೆ?" ಏನಿಲ್ಲ ಎಂದೆ.

ಜುಲೈ 18
ನೋಟಿಸ್ ಬಂದಿದೆ. ವೃತ್ತಿ ವಿಭಾಗ ಬೇಕೋ ಬೇಡವೋ ನೋಡಲು ಇನ್‌ಸ್ಪೆಕ್ಷನ್‌ನವರು ಬರುತ್ತಾರಂತೆ. ಅದರ ಹಿಂದೆಯೇ ಸ್ಟೂಲು, ನಾಲ್ಕನೇ ಸಲ. ಕನ್ನಡಕ ಹಾಕಿ ನೋಡಿದೆ. ಬೆಣೆ ತಾನಾಗಿ ಸಡಿಲವಾದದ್ದಲ್ಲ, ಯಾರೋ ಮೀಟಿ ಎಬ್ಬಿಸಿದ್ದಾರೆ. ಸುತ್ತ ಕಂಪಾಸಿನ ಮೊನೆಯ ಗುರುತು. ಮೈ ಉರಿದುಹೋಯಿತು.

"ನನ್ನ ಕೆಲಸ ಸರಿಯಿಲ್ಲ ಅಂತ ತೋರಿಸೋಕೆ ಬೇಕಂತಲೇ ಮಾಡಿದ್ರಾ ಸಾರ್? ಡಿಪಾರ್ಟ್‌ಮೆಂಟ್ ಮುಚ್ಚಿಸೋಕಾ?"

ಮಕ್ಕಳ ಎದುರಿಗೇ ಕೇಳಿಬಿಟ್ಟೆ. ಮೇಷ್ಟ್ರು ಬಾಗಿಲ ಕಡೆ ತಿರುಗಿದರು. ಸ್ಟೂಲು ಇಲ್ಲೇ ಬಿಟ್ಟು ಹೋದರು.

ಆಗಸ್ಟ್ 3
ಇನ್‌ಸ್ಪೆಕ್ಷನ್‌ನವರು ಬಂದರು, ಟೀ ಕುಡಿದರು, ಹೋದರು. ಇನ್ನೊಂದು ವರ್ಷ ನಡೆಯಲಿ ಅಂದರಂತೆ. ಒಳ್ಳೆಯ ಸುದ್ದಿ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಉಳಿ ಹನ್ನೊಂದು.

ಆಗಸ್ಟ್ 5
ಆಯಮ್ಮ ಗುಡಿಸಲು ಬಂದವರು ಮೂಲೆಯ ಸ್ಟೂಲು ನೋಡಿ ನಿಂತರು.

"ಮೇಷ್ಟ್ರದ್ದಲ್ವಾ? ಕಂಪಾಸಲ್ಲಿ ಅದನ್ನ ಮೀಟ್ತಾ ಕೂತಿದ್ರು, ನಾನೇ ನೋಡಿದೀನಿ. ಇದೇನ್ ಸಾರ್ ಅಂದೆ. 'ಸುಮ್ನೆ ಹೋಗಿ ಕೂತ್ರೆ ಅವರು ಏನಂದ್ಕೊಳ್ತಾರಮ್ಮ, ಒಂದು ನೆಪ ಬೇಡ್ವಾ' ಅಂದ್ರು. ಹೆಡ್‌ಮೇಷ್ಟ್ರ ಮಗಳನ್ನ ಎರಡು ಮಾರ್ಕಿಗೆ ಫೇಲ್ ಮಾಡಿದ್ರಲ್ಲ, ಆವತ್ತಿಂದ ಸ್ಟಾಫ್‌ರೂಮಲ್ಲಿ ಅವರ ಪಕ್ಕ ಒಬ್ರೂ ಊಟಕ್ಕೆ ಕೂರಲ್ಲ."

ಹಾಗಾದರೆ ಅಲ್ಲಿಯ ನಗುವಿನಲ್ಲಿ ಅವರೂ ಇರಲಿಲ್ಲ. ನನಗೆ ಗೊತ್ತೇ ಆಗಲಿಲ್ಲ… ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಕ್ಷಮೆ ಕೇಳಲು ಹೊರಟೆ. ಅರ್ಧ ಮೈದಾನ ದಾಟಿದೆ. ವಾಪಸ್ ಬಂದೆ. ಐವತ್ತಾರು ವಯಸ್ಸು, ಇಷ್ಟು ಪುಕ್ಕಲು.

ಆಗಸ್ಟ್ 9
ಚೀಟಿಯಲ್ಲಿ ಒಂದು ಲೆಕ್ಕ ಬರೆದುಕೊಂಡು ಅವರ ಕ್ಲಾಸಿಗೆ ಹೋದೆ. ಪಾಠ ಮುಗಿದಿತ್ತು. ಬೋರ್ಡ್ ಒರೆಸುತ್ತಿದ್ದರು. ಕೂರಲು ಸ್ಟೂಲಿಲ್ಲ. ಮೂರು ವಾರದಿಂದ ನಿಂತೇ ಪಾಠ ಮಾಡಿದ್ದಾರೆ.

"ಸಾರ್, ಆರು ಮೂಲೆ ಟೇಬಲ್ ಮಾಡ್ತಿದೀನಿ. ಮೂಲೆ ಕೂಡ್ತಾ ಇಲ್ಲ. ಲೆಕ್ಕ ಎಲ್ಲಿ ತಪ್ಪಿದೆ ನೋಡ್ತೀರಾ?"

ಕಣ್ಣು ಮುಚ್ಚಿಕೊಂಡು ಕೊಯ್ಯಬಲ್ಲೆ ಆ ಮೂಲೆಯನ್ನು. ಚೀಟಿ ನೋಡಿದರು. ನನ್ನನ್ನು ನೋಡಿದರು.

"ಇದು ನಿಮಗೆ ಬರಲ್ವಾ?"

"ಬರಲ್ಲ ಸಾರ್."

ಡಸ್ಟರ್ ಕೆಳಗಿಟ್ಟರು. "ಇಟ್ಟು ಹೋಗಿ" ಎಂದರು.

ಆಗಸ್ಟ್ 10, ಮಧ್ಯಾಹ್ನ 1.05
ಡಬ್ಬಿ ತೆರೆದಿಲ್ಲ. ಹಸಿವಿಲ್ಲ. ಸ್ಟೂಲಿಗೆ ಹೊಸ ಬೆಣೆ ಹಾಕಿದ್ದೇನೆ — ಅಂಟಿಲ್ಲದೆ, ಬೆರಳಲ್ಲೇ ಕೀಳುವಷ್ಟು ಸಡಿಲವಾಗಿ. ಇಂಥ ಕೆಟ್ಟ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ.

ಕಿಟಕಿಯಲ್ಲಿ ಮೈದಾನ. ಯಾರೋ ಬರುತ್ತಿದ್ದಾರೆ. ಅವರೇ. ಒಂದು ಕೈಯಲ್ಲಿ ನನ್ನ ಚೀಟಿ. ಇನ್ನೊಂದು ಕೈಯಲ್ಲಿ… ಊಟದ ಡಬ್ಬಿ. ಬೆಂಚಿನ ಮೇಲಿನ ಹೊಟ್ಟು ಒರೆಸಬೇಕು, ಇಬ್ಬರು ಕೂರುವಷ್ಟು —